ಐಆರ್‌ಸಿಯಲ್ಲಿ ಬಳಕೆದಾರರ ವಿವರ ಒಂದೇ ಸಾಲಿನಲ್ಲಿ: ಸ್ಕ್ರಿಪ್ಟ್ ಬರೆಯುವುದು ಹೇಗೆ?

ಐಆರ್‌ಸಿ (ಇಂಟರ್ನೆಟ್ ರಿಲೇ ಚಾಟ್) ಎಂಬ ಪಠ್ಯ ಹರಟೆ ವ್ಯವಸ್ಥೆಯ ಚಾನೆಲ್‌ನಲ್ಲಿ, ಅಂದರೆ ಹರಟೆಯ ಕೋಣೆಯಲ್ಲಿ, ಅಪರಿಚಿತ ಅಡ್ಡಹೆಸರೊಂದು ಕಂಡಾಗ ‘ಹೂಈಸ್’ (WHOIS) ಆದೇಶ ಕೊಟ್ಟು ವಿಚಾರಿಸುವುದು ರೂಢಿ. ಉತ್ತರವೇನೋ ಬರುತ್ತದೆ, ಆದರೆ ಹಲವು ಸಾಲುಗಳಲ್ಲಿ ಹರಡಿಕೊಂಡು, ನಡೆಯುತ್ತಿದ್ದ ಮಾತುಕತೆಯನ್ನೇ ಮೇಲಕ್ಕೆ ತಳ್ಳಿಬಿಡುತ್ತದೆ. ಐಆರ್‌ಸಿಗೆ ಬಳಸುವ ಹೆಕ್ಸ್‌ಚಾಟ್ ತಂತ್ರಾಂಶದಲ್ಲಿ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದು ಇದನ್ನು ಒಂದೇ ಸಾಲಿಗೆ ಇಳಿಸಬಹುದು.

ಸರ್ವರ್‌ನ ಪ್ರತಿ ಉತ್ತರಕ್ಕೂ ಮೂರಂಕಿಯ ಸಂಖ್ಯೆಯೊಂದಿರುತ್ತದೆ. 1993ರ ನಿಯಮಾವಳಿಯಿಂದಲೂ ಈ ಪದ್ಧತಿಯಿದೆ. 311ರಲ್ಲಿ ಅಡ್ಡಹೆಸರು, ಹೋಸ್ಟ್ ವಿಳಾಸ ಮತ್ತು ‘ನಿಜನಾಮ’, 319ರಲ್ಲಿ ಚಾನೆಲ್‌ಗಳು, 317ರಲ್ಲಿ ಆ ವ್ಯಕ್ತಿ ಎಷ್ಟು ಸೆಕೆಂಡುಗಳಿಂದ ಸುಮ್ಮನಿದ್ದಾರೆಂಬ ಲೆಕ್ಕ ಬರುತ್ತದೆ. ಅನೇಕ ಜಾಲಗಳು 330ರಲ್ಲಿ ನೋಂದಾಯಿತ ಖಾತೆಯ ಹೆಸರನ್ನೂ ಕೊಡುತ್ತವೆ. ನಿಜನಾಮದ ಜಾಗದಲ್ಲಿ ಯಾರು ಏನನ್ನಾದರೂ ಬರೆದುಕೊಳ್ಳಬಹುದಾದ್ದರಿಂದ, ಗುರುತಿಗೆ ನೆಚ್ಚಬೇಕಾದದ್ದು ಈ 330ನ್ನೇ.

ಕಡತದ ತಲೆಯಲ್ಲಿ ಮಾಡ್ಯೂಲಿನ ಹೆಸರು, ಆವೃತ್ತಿ, ವಿವರಣೆಗಳನ್ನು ಬರೆಯಿರಿ. ನಂತರ ‘ಹುಕ್ ಸರ್ವರ್’ (hook_server) ಸೌಲಭ್ಯದಿಂದ ಬೇಕಾದ ಪ್ರತಿ ಸಂಖ್ಯೆಗೂ ಒಂದು ಫಂಕ್ಷನ್ ಜೋಡಿಸಿ. ಬಂದ ಸಾಲಿನ ಮೊದಲ ಪದ ಸರ್ವರ್, ಎರಡನೆಯದು ಸಂಖ್ಯೆ, ಮೂರನೆಯದು ನಿಮ್ಮದೇ ಅಡ್ಡಹೆಸರು. ನೀವು ವಿಚಾರಿಸಿದ ಹೆಸರು ಇರುವುದು ನಾಲ್ಕನೆಯ ಜಾಗದಲ್ಲಿ. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಅದರ ಕ್ರಮಾಂಕ 3 ಆಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಸಿಕ್ಕ ವಿವರಗಳನ್ನು ಆ ಹೆಸರಿನಡಿ ಡಿಕ್ಷನರಿಯಲ್ಲಿ (ಹೆಸರಿಗೆ ವಿವರ ಜೋಡಿಸಿಡುವ ಪೈಥಾನ್ ಪಟ್ಟಿಯಲ್ಲಿ) ಕೂಡಿಡಿ. ಫಂಕ್ಷನ್ ‘ಈಟ್ ಆಲ್’ (EAT_ALL) ಮೌಲ್ಯವನ್ನು ಹಿಂದಿರುಗಿಸಿದರೆ ಮೂಲ ಸಾಲು ಪರದೆಗೆ ಬರುವುದಿಲ್ಲ.

318 ಬಂದಾಗ ಉತ್ತರ ಮುಗಿಯಿತೆಂದು ತಿಳಿದು, ಕೂಡಿಟ್ಟದ್ದನ್ನು ಮುದ್ರಿಸಿ, ಡಿಕ್ಷನರಿಯಿಂದ ಅಳಿಸಿ. ಜಾಲದಲ್ಲಿ ಇಲ್ಲದ ಹೆಸರನ್ನು ವಿಚಾರಿಸಿದರೂ ‘ಅಂಥ ಹೆಸರಿಲ್ಲ’ ಎನ್ನುವ 401ರ ಹಿಂದೆಯೇ 318 ಬರುವುದರಿಂದ, ಏನೂ ಕೂಡಿರದಿದ್ದರೆ ಮುದ್ರಿಸದಂತೆ ನೋಡಿಕೊಳ್ಳಿ. 317ರ ಸೆಕೆಂಡುಗಳನ್ನು 60ರಿಂದ ಭಾಗಿಸಿ ನಿಮಿಷವಾಗಿ ತೋರಿಸಿದರೆ ಓದಲು ಹಿತ. ಕಡತವನ್ನು ಹೆಕ್ಸ್‌ಚಾಟ್‌ನ ‘ಆ್ಯಡಾನ್ಸ್’ ಫೋಲ್ಡರಿನಲ್ಲಿಟ್ಟರೆ ಪ್ರತಿ ಬಾರಿಯೂ ತಾನಾಗಿ ಲೋಡ್ ಆಗುತ್ತದೆ.

ಚಾನೆಲ್ ಸೇರಿದವರನ್ನೆಲ್ಲ ಸ್ಕ್ರಿಪ್ಟೇ ವಿಚಾರಿಸಲಿ ಎಂಬ ಆಸೆ ಸಹಜ. ಅದಕ್ಕೆ ಮಣಿಯದಿರುವುದು ಲೇಸು. ಸರ್ವರ್‌ಗಳ ನಡುವಣ ಕೊಂಡಿ ಕಡಿದು ಮತ್ತೆ ಕೂಡಿದಾಗ ನೂರಾರು ಮಂದಿ ಒಟ್ಟಿಗೆ ಮರಳುತ್ತಾರೆ. ಹಳೆಯ ನಿಯಮದಂತೆ ಪ್ರತಿ ಸಂದೇಶಕ್ಕೂ 2 ಸೆಕೆಂಡಿನ ದಂಡ, ಅಂದರೆ ಕಾಯುವ ಶಿಕ್ಷೆ, ಇದ್ದು, ಅತಿಯಾಗಿ ಕಳುಹಿಸಿದವರ ಸಂಪರ್ಕವನ್ನು ಸರ್ವರ್ ಕಡಿದುಹಾಕಬಹುದು. ಇಡೀ ಚಾನೆಲ್‌ನ ವಿವರ ಬೇಕಿದ್ದರೆ ‘ಹೂ’ (WHO) ಆದೇಶವನ್ನು ಒಮ್ಮೆ ಕೊಟ್ಟು, ಒಬ್ಬೊಬ್ಬರಿಗೂ ಒಂದರಂತೆ ಬರುವ 352ರ ಸಾಲುಗಳನ್ನು ಹಿಡಿಯಿರಿ. ಖಾತೆಯ ಹೆಸರು ಮಾತ್ರ ಅವುಗಳಲ್ಲಿ ಇರುವುದಿಲ್ಲ.