ಗಡಿಯಾರದ ಟಿಕ್ ಟಿಕ್ ಅಳಿಯದಂತೆ ‘25 ಓ’ಕ್ಲಾಕ್’ ಗ್ರಾಮಫೋನ್ ತಟ್ಟೆಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

ಇಂಗ್ಲೆಂಡಿನ ಸ್ವಿಂಡನ್ ಊರಿನ ಎಕ್ಸ್‌ಟಿಸಿ ಎಂಬ ರಾಕ್ ತಂಡದವರು 1984ರ ಕೊನೆಯಲ್ಲಿ ನಿರ್ಮಾಪಕ ಜಾನ್ ಲೆಕಿ ಅವರೊಡನೆ ಸೇರಿ, 1967ರ ಆಸುಪಾಸಿನ, ಭ್ರಮೆಯ ಲೋಕವನ್ನು ಕಟ್ಟುವ ಸೈಕೆಡೆಲಿಕ್ ಪಾಪ್ ಸಂಗೀತವನ್ನು ಅಕ್ಕರೆಯಿಂದ ಅಣಕಿಸುವ ಆರು ಹಾಡುಗಳನ್ನು ಮುದ್ರಿಸಿದರು. 1985ರ ಏಪ್ರಿಲ್ 1ರಂದು ಅವು ‘25 ಓ’ಕ್ಲಾಕ್’ ಎಂಬ ಹೆಸರಿನಲ್ಲಿ ಹೊರಬಂದಾಗ, ಹೊದಿಕೆಯ ಮೇಲೆ ಇದ್ದದ್ದು ‘ದಿ ಡ್ಯೂಕ್ಸ್ ಆಫ್ ಸ್ಟ್ರ್ಯಾಟೋಸ್ಫಿಯರ್’ ಎಂಬ ಕಲ್ಪಿತ ತಂಡದ ಹೆಸರು. ಆಂಡಿ ಪಾರ್ಟ್ರಿಜ್ ಅವರು ಸರ್ ಜಾನ್ ಜಾನ್ಸ್ ಆಗಿದ್ದರು, ಡೇವ್ ಗ್ರೆಗರಿ ಅವರು ಲಾರ್ಡ್ ಕಾರ್ನೀಲಿಯಸ್ ಪ್ಲಮ್ ಆಗಿದ್ದರು. ಹಿಮ್ಮುಖವಾಗಿ ಓಡುವ ಟೇಪು, ಒಂದೇ ಸದ್ದಿನ ಎರಡು ಪ್ರತಿಗಳನ್ನು ತುಸು ಹಿಂದುಮುಂದಾಗಿ ಬೆರೆಸಿದಾಗ ಸುಳಿಯಂತೆ ತಿರುಗುವ ಫೇಸಿಂಗ್, ಕೀಲಿ ಒತ್ತಿದಾಗ ಒಳಗಿನ ಟೇಪಿನ ತುಣುಕು ಓಡಿ ನುಡಿಯುವ ಮೆಲೊಟ್ರಾನ್ ಮುಂತಾದ ಅರವತ್ತರ ದಶಕದ ಸ್ಟುಡಿಯೋ ಕುಶಲತೆಗಳನ್ನೆಲ್ಲ ಅವರು ಪ್ರೀತಿಯಿಂದ ಮರಳಿ ತಂದರು.

ಇಂಥ ತಟ್ಟೆಯನ್ನು ಡಿಜಿಟಲ್ ರೂಪಕ್ಕೆ ತರುವವರು ಮೊದಲು ತಿಳಿಯಬೇಕಾದದ್ದು ಒಂದೇ. ಇದರಲ್ಲಿ ಕಲಾವಿದರು ಬೇಕೆಂದೇ ಇಟ್ಟ ಕಲೆಗಳಿವೆ, ಕಾಲ ಮತ್ತು ಧೂಳು ತಂದಿಟ್ಟ ಕಲೆಗಳೂ ಇವೆ. ಎರಡನೆಯದನ್ನು ತೆಗೆಯಬೇಕು, ಮೊದಲನೆಯದನ್ನು ಮುಟ್ಟಬಾರದು.

ಕೆಲಸ ತೊಳೆಯುವುದರಿಂದ ಆರಂಭವಾಗುತ್ತದೆ. ನಲ್ಲಿಯ ಅಥವಾ ಬೋರ್‌ವೆಲ್ಲಿನ ನೀರನ್ನು ಬಳಸಿದರೆ ಅದರ ಲವಣ ಗೆರೆಗಳಲ್ಲೇ ಒಣಗಿ ಉಳಿಯುವುದರಿಂದ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ತಂದುಕೊಳ್ಳಿ. ಮೊದಲು ಕಾರ್ಬನ್ ಫೈಬರ್ ಬ್ರಷ್ಷಿನಿಂದ ಒಣ ಧೂಳನ್ನು ತೆಗೆದು, ಆಮೇಲೆ ಮೆದು ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ, ಗೆರೆಗಳು ಸುತ್ತುವ ದಿಕ್ಕಿನಲ್ಲಿಯೇ ಒರೆಸಬೇಕು. ನಡುವಿನ ಕಾಗದದ ಲೇಬಲ್ ಒದ್ದೆಯಾಗಕೂಡದು. ನೆರಳಿನಲ್ಲಿ ಪೂರ್ತಿ ಆರಿದ ಮೇಲಷ್ಟೇ ಮುಳ್ಳು ಇಡಿ. ಮುಳ್ಳಿನ ಭಾರವನ್ನು, ಅದನ್ನು ಹಿಡಿದಿರುವ ಕಾರ್ಟ್ರಿಜ್ ಎಂಬ ಭಾಗದ ತಯಾರಕರು ಹೇಳಿದಷ್ಟೇ ಇರಿಸಿ. ಸಾಮಾನ್ಯವಾಗಿ ಅದು 1.5ರಿಂದ 2 ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಭಾರ ತೀರ ಕಡಿಮೆಯಾದರೆ ತಟ್ಟೆಗೆ ಒಳ್ಳೆಯದೆಂದು ಹಲವರು ನಂಬಿದ್ದಾರೆ, ಆದರೆ ಹಗುರವಾದ ಮುಳ್ಳು ಗೆರೆಯೊಳಗೆ ನೆಲೆ ನಿಲ್ಲದೆ ಕುಪ್ಪಳಿಸಿ ಗೋಡೆಗಳನ್ನು ಕೆಡಿಸುತ್ತದೆ.

ಟರ್ನ್‌ಟೇಬಲಿನ ತಂತಿಯನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಸದ್ದು ಕ್ಷೀಣವಾಗಿಯೂ ಕೀರಲಾಗಿಯೂ ಕೇಳಿಸುತ್ತದೆ. ತಟ್ಟೆ ಕೊರೆಯುವಾಗ ಮಂದ್ರವನ್ನು ಇಳಿಸಿ ತಾರವನ್ನು ಏರಿಸಿರುತ್ತಾರೆ. ಆರ್‌ಐಎಎ ಎಂಬ ಈ ಏರಿಳಿತವನ್ನು ಸಮ ಮಾಡಿಕೊಡುವುದು ಫೋನೋ ಪ್ರಿಆಂಪಿನ ಕೆಲಸ. ಅದರಿಂದ, ಸದ್ದನ್ನು ಡಿಜಿಟಲ್ ಅಂಕಿಗಳಾಗಿ ಬದಲಿಸುವ ಆಡಿಯೋ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿಗೆ ದಾರಿ ಮಾಡಿಕೊಳ್ಳಿ. ಕರೆಂಟಿನ ಗುಂಯ್ ಎಂಬ ಸದ್ದು ಬಂದರೆ ಟರ್ನ್‌ಟೇಬಲಿನ ಅರ್ಥಿಂಗ್ ತಂತಿ ಪ್ರಿಆಂಪಿಗೆ ಭದ್ರವಾಗಿ ಕೂತಿದೆಯೇ ಎಂದು ನೋಡಿ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 35 ಎಂಬಿ ಜಾಗ ಬೇಕಾಗುತ್ತದೆ. ಮುದ್ರಣದ ಸದ್ದಿನ ಮಟ್ಟ ಅತಿ ಜೋರಾದ ಕಡೆಯಲ್ಲೂ ಮೈನಸ್ 6 ಡೆಸಿಬಲ್ ದಾಟದಿರಲಿ. ಒಂದು ಬದಿಯನ್ನು ನಡುವೆ ನಿಲ್ಲಿಸದೆ, ಮುಳ್ಳು ಇಳಿಯುವ ಮುನ್ನದಿಂದ ಕೊನೆಯ ಖಾಲಿ ಗೆರೆಯವರೆಗೂ ಹಿಡಿಯಿರಿ.

ಕೇಳತೊಡಗಿದಾಗ ಒಂದು ವಾದ್ಯ ಬರೀ ಎಡಗಿವಿಗೋ ಬಲಗಿವಿಗೋ ಬಿದ್ದರೆ ಗಾಬರಿಯಾಗಬೇಡಿ. ಡ್ರಮ್ಮನ್ನು ಒಂದು ಪಕ್ಕಕ್ಕೆ, ದನಿಯನ್ನು ಇನ್ನೊಂದು ಪಕ್ಕಕ್ಕೆ ತಳ್ಳುವುದು ಅರವತ್ತರ ದಶಕದ ಸ್ಟೀರಿಯೋದ ವಾಡಿಕೆಯಾಗಿತ್ತು, ಅಣಕ ಮಾಡುವವರಿಗೆ ಅದೂ ಬೇಕಾದ ಸಾಮಗ್ರಿಯೇ. ದೋಷ ನಿಮ್ಮ ಸಲಕರಣೆಯದೇ ಎಂಬ ಸಂಶಯವಿದ್ದರೆ, ಮನೆಯಲ್ಲಿರುವ ಹಳೆಯ ಕನ್ನಡ ಚಿತ್ರಗೀತೆಗಳ ಮೊನೊ ಇ.ಪಿ. (ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಸಣ್ಣ ತಟ್ಟೆ) ಒಂದನ್ನು ಹಾಕಿ ನೋಡಿ. ಅದರಲ್ಲಿ ಎರಡೂ ಕಡೆ ಸದ್ದು ಸಮನಾಗಿದ್ದರೆ ಸಲಕರಣೆ ಸರಿಯಿದೆ ಎಂದೇ ಅರ್ಥ, ಆಗ ಡ್ಯೂಕ್ಸ್ ತಟ್ಟೆಯ ಸಮತೋಲವನ್ನು ತಿದ್ದಲು ಹೋಗಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಚಟಪಟ ಸದ್ದನ್ನು ತೆಗೆಯುವ ಹಂತದಲ್ಲಿ. ತಟ್ಟೆಯ ಹೆಸರನ್ನೇ ಹೊತ್ತ ಮೊದಲ ಹಾಡು ಗಡಿಯಾರದ ಟಿಕ್ ಟಿಕ್‌ನಿಂದ ತೆರೆದುಕೊಳ್ಳುತ್ತದೆ. ನಾನು ಮೊದಲ ಸಲ ಇಳಿಸಿಕೊಂಡಾಗ ಇಡೀ ಬದಿಯನ್ನು ತಂತ್ರಾಂಶದ ಸ್ವಯಂಚಾಲಿತ ಶುದ್ಧೀಕರಣಕ್ಕೆ ಒಪ್ಪಿಸಿಬಿಟ್ಟೆ. ಮರಳಿ ಕೇಳಿದರೆ ಗೀರುಗಳೇನೋ ಹೋಗಿದ್ದವು, ಆದರೆ ಗಡಿಯಾರ ಹತ್ತಿಯಲ್ಲಿ ಸುತ್ತಿಟ್ಟಂತೆ ಮೊಂಡಾಗಿತ್ತು. ಕೆಲವೇ ಮಿಲಿಸೆಕೆಂಡುಗಳಲ್ಲಿ ಚಿಮ್ಮಿ ಇಳಿಯುವ ಸದ್ದನ್ನು ತಂತ್ರಾಂಶ ಗೀರೆಂದೇ ಬಗೆಯುತ್ತದೆ, ಗಡಿಯಾರದ ಸದ್ದಿನ ಸ್ವಭಾವವೂ ಅದೇ.

ಎರಡನ್ನೂ ಬೇರೆ ಮಾಡಲು ಕಣ್ಣು ಮತ್ತು ಕಿವಿ ಎರಡೂ ಬೇಕು. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಗೀರು ಬೋಳು ಸೂಜಿಯಂತೆ ನಿಂತಿರುತ್ತದೆ, ಹೆಚ್ಚಾಗಿ ಒಂದು ಚಾನೆಲ್ಲಿನಲ್ಲಿ ಅದರ ಎತ್ತರ ಮಿಗಿಲು. ಗಡಿಯಾರದ ಸದ್ದಿಗಾದರೋ ಹಿಂದೆಯೇ ಅನುರಣನದ ಸಣ್ಣ ಬಾಲವಿರುತ್ತದೆ. ಇನ್ನೊಂದು ಖಚಿತವಾದ ಗುರುತು ಕಾಲದ ಲೆಕ್ಕ. ಹಲವು ಗೆರೆಗಳನ್ನು ಅಡ್ಡ ಹಾಯ್ದ ಗೀರು ತಟ್ಟೆ ಒಂದು ಸುತ್ತು ಬಂದಾಗಲೆಲ್ಲ ಸದ್ದು ಮಾಡುತ್ತದೆ. ನಿಮಿಷಕ್ಕೆ 33⅓ ಸುತ್ತಿನ ತಟ್ಟೆಯಲ್ಲಿ ಆ ಅಂತರ 1.8 ಸೆಕೆಂಡು, 45 ಸುತ್ತಿನದರಲ್ಲಿ ಸುಮಾರು 1.33 ಸೆಕೆಂಡು. ಲೇಬಲ್ ನೋಡಿ ವೇಗವನ್ನು ಖಚಿತಪಡಿಸಿಕೊಂಡು ಪರದೆಯ ಮೇಲೆ ಅಳೆದರೆ, ಆ ಲೆಕ್ಕಕ್ಕೆ ಸಿಕ್ಕಿದ್ದು ಗೀರು. ಅಂಥವನ್ನು ಒಂದೊಂದಾಗಿ ಆರಿಸಿ ಕೈಯಿಂದ ಸರಿಪಡಿಸಿ. ಒಂದು ಬದಿಗೆ ಸಂಜೆಯೆಲ್ಲ ಹಿಡಿಯಬಹುದು, ಆದರೂ ಆ ಶ್ರಮಕ್ಕೆ ಈ ಹಾಡುಗಳು ಅರ್ಹವಾಗಿವೆ.

ಹಿನ್ನೆಲೆಯ ಸುಯ್ ಸದ್ದನ್ನು ಅಳಿಸುವ ಸವಲತ್ತನ್ನು ನಾನು ಬಳಸುವುದಿಲ್ಲ, ಏಕೆಂದರೆ ಫೇಸಿಂಗ್‌ನ ಸುಳಿ ಜೀವ ಪಡೆಯುವುದು ತಾರಸ್ವರಗಳಲ್ಲಿ, ಆ ಸವಲತ್ತು ಮೊದಲು ಕೊಯ್ಯುವುದೂ ಅಲ್ಲಿಯೇ. 20 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಮಾತ್ರ ತೆಗೆಯಬಹುದು.

ತಿದ್ದದ ಮೂಲ ಕಡತವನ್ನು ಬೇರೆಯಾಗಿ ಕಾದಿಟ್ಟು, ತಿದ್ದಿದ್ದನ್ನು ಹಾಡು ಹಾಡಾಗಿ ಕತ್ತರಿಸಿ, ಗುಣಮಟ್ಟ ಕುಂದದಂತೆ ಕಡತವನ್ನು ಕಿರಿದಾಗಿಸುವ ಫ್ಲ್ಯಾಕ್ ರೂಪದಲ್ಲಿ ನಿಮ್ಮ ಸ್ವಂತ ಆಲಿಕೆಗಾಗಿ ಉಳಿಸಿಕೊಳ್ಳಿ. ಕಲಾವಿದರ ಹೆಸರಿನ ಜಾಗದಲ್ಲಿ ‘ದಿ ಡ್ಯೂಕ್ಸ್ ಆಫ್ ಸ್ಟ್ರ್ಯಾಟೋಸ್ಫಿಯರ್’ ಎಂದೇ ಬರೆಯಿರಿ. ಎಕ್ಸ್‌ಟಿಸಿ ಎಂಬುದು ಟಿಪ್ಪಣಿಯ ಜಾಗದಲ್ಲಿ ಇದ್ದರೆ ಸಾಕು.