ಮಗುವಿನ ಸೈಕಾಲಜಿ ಟೆಸ್ಟಿಂಗ್‌ಗೆ ಕೈಯಿಂದ ದುಡ್ಡು ಹಾಕಿದ್ರೆ ಇನ್ಶೂರೆನ್ಸ್ ಎಷ್ಟು ವಾಪಸ್ ಕೊಡುತ್ತೆ?

ಅಮೆರಿಕಾದಲ್ಲಿರೋ ನಮ್ಮವರ ಮನೇಲಿ ಈ ಮಾತು ಶುರುವಾಗೋದು ಸಾಮಾನ್ಯವಾಗಿ ಪೇರೆಂಟ್ ಟೀಚರ್ ಮೀಟಿಂಗ್ ಮುಗಿಸಿ ಬಂದ ರಾತ್ರಿ. ನಮ್ಮನೇಲೂ ಹಾಗೇ ಆಯ್ತು, ಹುಡುಗ ಚುರುಕಾಗಿದ್ದಾನೆ ಆದ್ರೆ ಯಾವ ಕೆಲಸಾನೂ ಮುಗಿಸಲ್ಲ, ಒಂದ್ಸಲ ಇವ್ಯಾಲ್ಯುಯೇಶನ್ ಮಾಡಿಸಿ ಅಂದ್ರು ಟೀಚರ್. ಊರಿಗೆ ಫೋನ್ ಮಾಡಿ ಅಮ್ಮಂಗೆ ಹೇಳಿದ್ರೆ "ನೀನೂ ಹಾಗೇ ಇದ್ದೆ ಕಣೋ, ದೊಡ್ಡವನಾದ್ಮೇಲೆ ಸರಿಹೋಗ್ಲಿಲ್ವಾ" ಅಂತ ನಕ್ಕುಬಿಟ್ರು. ಮಕ್ಕಳ ಡಾಕ್ಟ್ರು ಒಂದು ಲಿಸ್ಟ್ ಕೊಟ್ರು, ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿ, ಅಂದ್ರೆ ಕಂಪನಿ ಜೊತೆ ದರದ ಒಪ್ಪಂದ ಇರೋರ ಪಟ್ಟಿಯಲ್ಲಿ, ಇರೋರಿಗೆಲ್ಲ ಫೋನ್ ಹಚ್ಚಿದ್ವಿ, ಅರ್ಧ ಜನ ಎತ್ತಲೇ ಇಲ್ಲ, ಎತ್ತಿದವರು ಎಂಟು ತಿಂಗಳು ಕಾಯಿರಿ ಅಂದ್ರು, ಕೊನೆಗೆ ಸಿಕ್ಕ ಸೈಕಾಲಜಿಸ್ಟ್ ಇನ್ಶೂರೆನ್ಸೇ ತಗೊಳಲ್ಲ, ಫೀಸು 4,800 ಡಾಲರ್. ನಾವು ವಿಚಾರಿಸಿದ ಕಡೆ ರೇಟು 3,000ದಿಂದ 6,000 ದಾಟಿ ಇತ್ತು, ಹಾಗಾಗಿ ಇದೇನೂ ವಿಪರೀತ ಅನ್ನಿಸ್ಲಿಲ್ಲ. ಸೂಪರ್‌ಬಿಲ್ (ಕ್ಲೈಮ್ ಹಾಕೋಕೆ ಬೇಕಾದ ವಿವರವಾದ ಬಿಲ್ಲು) ಕೊಡ್ತೀನಿ, ನೀವೇ ಕ್ಲೈಮ್ ಹಾಕ್ಕೊಳ್ಳಿ ಅಂದ್ರು, ನಾವು ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುತ್ತೆ ಅಂತ ಲೆಕ್ಕ ಹಾಕಿ ಕಾರ್ಡ್ ಉಜ್ಜಿದ್ವಿ.

ಬಂದಿದ್ದು 660 ಡಾಲರ್, ಅದೂ ಐದು ತಿಂಗಳು ಬಡಿದಾಡಿದ ಮೇಲೆ. ಗುಡ್ಡ ಅಗೆದು ಇಲಿ ಹಿಡಿದ ಕತೆ. ಆಮೇಲೆ ಮಗಳ ಸರದಿ ಬಂದಾಗ ಗೊತ್ತಾಗಿದ್ದೇನಂದ್ರೆ ಎಷ್ಟು ದುಡ್ಡು ವಾಪಸ್ ಬರುತ್ತೆ ಅನ್ನೋದು ಟೆಸ್ಟಿಂಗ್ ಶುರುವಾಗೋಕ್ ಮುಂಚೇನೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತೆ. ಅದಕ್ಕೇ ಈ ಲೇಖನದಲ್ಲಿ ಕ್ಲೈಮ್ ಫಾರ್ಮ್‌ಗಿಂತ ಅದಕ್ಕೂ ಹಿಂದಿನ ಕೆಲಸಾನೇ ಜಾಸ್ತಿ.

ಮೊದಲು: ಈ ಟೆಸ್ಟ್ ಯಾತಕ್ಕೆ?

ಶಾಲೆಯಲ್ಲಿ ಸಹಾಯ ಸಿಗಲಿ ಅನ್ನೋದಷ್ಟೇ ಉದ್ದೇಶ ಆದ್ರೆ ಒಂದು ಡಾಲರ್ರೂ ಖರ್ಚು ಮಾಡ್ಬೇಡಿ ಮೊದಲಿಗೆ. ಐಡಿಇಎ ಅನ್ನೋ ಫೆಡರಲ್ ಕಾನೂನಿನ ಪ್ರಕಾರ ಪಬ್ಲಿಕ್ ಸ್ಕೂಲ್ ಡಿಸ್ಟ್ರಿಕ್ಟ್‌ನವರು ಮಗುವಿನ ಮೌಲ್ಯಮಾಪನ ಉಚಿತವಾಗಿ ಮಾಡ್ಬೇಕು. ಬಾಯಲ್ಲಿ ಹೇಳಿದ್ರೆ ಗಾಳಿಗೆ ಹೋಗುತ್ತೆ, ಇಮೇಲ್‌ನಲ್ಲಿ ಬರೆದು ಕೇಳಿ, ನೀವು ಒಪ್ಪಿಗೆ ಸಹಿ ಹಾಕಿದ ದಿನದಿಂದ 60 ದಿನದ ಗಡುವು, ಆದ್ರೆ ರಾಜ್ಯಗಳು ತಮ್ಮದೇ ಗಡುವು ಇಟ್ಕೋಬಹುದು, ಟೆಕ್ಸಾಸ್‌ನಲ್ಲಿ 45 ಶಾಲಾ ದಿನ. ಹೆಚ್1ಬಿ ವೀಸಾದಲ್ಲಿದ್ದೀವಲ್ಲ, ಕೇಳಿದ್ರೆ ಗ್ರೀನ್ ಕಾರ್ಡ್‌ಗೆ ತೊಂದ್ರೆ ಆಗುತ್ತೇನೋ ಅಂತ ಸುಮ್ನಿರೋ ಅಪ್ಪ ಅಮ್ಮಂದಿರನ್ನ ನಾನೇ ನೋಡಿದ್ದೀನಿ. ಶಾಲೆ ಮಗುವಿನ ಕಲಿಕೆ ನೋಡುತ್ತೆ, ನಿಮ್ಮ ವೀಸಾ ನೋಡಲ್ಲ, ಇದು ಮಗುವಿನ ಹಕ್ಕು. ಶಾಲೆಯವರು ಮಾಡಿದ ಮೌಲ್ಯಮಾಪನ ನಿಮಗೆ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಹೊರಗಿನವರಿಂದ ಡಿಸ್ಟ್ರಿಕ್ಟ್ ಖರ್ಚಲ್ಲೇ ಇನ್ನೊಂದು ಮಾಡ್ಸಿ ಅಂತ ಕೇಳ್ಬಹುದು, ಅದಕ್ಕೆ ಐಇಇ ಅಂತಾರೆ, ಆಗ ಡಿಸ್ಟ್ರಿಕ್ಟ್ ಒಂದೋ ದುಡ್ಡು ಕೊಡ್ಬೇಕು ಇಲ್ಲಾ ತಮ್ಮದೇ ಸರಿ ಅಂತ ವಿಚಾರಣೆಗೆ ಹೋಗ್ಬೇಕು.

ಎಡಿಹೆಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದರೆ) ಒಂದೇ ಅನುಮಾನ ಆದ್ರೆ ಮಕ್ಕಳ ಡಾಕ್ಟ್ರೇ ನೋಡ್ಬಹುದು. ಮನೆಯವರಿಗೊಂದು ಟೀಚರ್‌ಗೊಂದು ಅಂತ ವ್ಯಾಂಡರ್ಬಿಲ್ಟ್ ಅನ್ನೋ ಪ್ರಶ್ನಾವಳಿ ಕೊಡ್ತಾರೆ, ಎರಡು ಮೂರು ಭೇಟಿಯಲ್ಲಿ ಮುಗಿಯುತ್ತೆ, ಮಾಮೂಲಿ ಕೋಪೇ, ಅಂದ್ರೆ ಭೇಟಿಗೆ ಇಷ್ಟು ಅಂತ ನಾವು ಕಟ್ಟೋ ಪಾಲು, ಅಷ್ಟೇ. ಇದನ್ನ ನಮಗೆ ಯಾರೂ ಹೇಳ್ಲಿಲ್ಲ, ಹೇಳಿದ್ರೆ 4,800 ಉಳೀತಿತ್ತೇನೋ. ಓದೋಕೆ ಕಷ್ಟಾನೂ ಇದೆ, ಆತಂಕಾನೂ ಇದೆ, ಆಟಿಸಂ ಇರಬಹುದಾ ಅಂತ ಗೊಂದಲ ಇದೆ, ಇಲ್ಲಾ ಎಬಿಎ ಅನ್ನೋ ಆಟಿಸಂ ಮಕ್ಕಳ ನಡವಳಿಕೆ ಥೆರಪಿಗೆ ಇನ್ಶೂರೆನ್ಸ್‌ನವರು ವೈದ್ಯಕೀಯ ಡಯಾಗ್ನೋಸಿಸ್ ಕೇಳ್ತಿದ್ದಾರೆ, ಇಂಥ ಕಡೆ ಪೂರ್ತಿ ಟೆಸ್ಟಿಂಗ್ ಬೇಕಾಗುತ್ತೆ. ಶಾಲೆಯ ವರದಿ ಸ್ಪೆಷಲ್ ಎಜುಕೇಶನ್‌ಗೆ ಅರ್ಹತೆ ಇದೆಯೋ ಇಲ್ವೋ ಅಂತ ಹೇಳುತ್ತೆ, ಅದು ಡಾಕ್ಟ್ರ ಡಯಾಗ್ನೋಸಿಸ್ ಅಂತ ಲೆಕ್ಕಕ್ಕೆ ಬರಲ್ಲ.

ಇನ್ಶೂರೆನ್ಸ್ ಕಾರ್ಡ್ ತಿರುಗಿಸಿ ನೋಡಿ

ಕಾರ್ಡ್ ಮೇಲೆ ಪ್ಲಾನಿನ ಬಗೆ ಹೆಚ್‌ಎಂಒ ಅಥವಾ ಇಪಿಒ ಅಂತ ಇದ್ರೆ ನೆಟ್‌ವರ್ಕ್ ಹೊರಗಿನವರಿಗೆ ಎಮರ್ಜೆನ್ಸಿ ಬಿಟ್ರೆ ಸಾಮಾನ್ಯವಾಗಿ ಏನೂ ಸಿಗಲ್ಲ. ಪಿಪಿಒ ಇದ್ರೆ ಅವಕಾಶ ಇದೆ. ಕಾರ್ಡ್ ಹಿಂದೆ ಬಿಹೇವಿಯರಲ್ ಹೆಲ್ತ್ ಅಂತ ಬೇರೆ ನಂಬರ್ ಇರ್ಬಹುದು, ಅದಕ್ಕೇ ಮಾಡಿ, ಯಾಕಂದ್ರೆ ಎಷ್ಟೋ ಪ್ಲಾನ್‌ಗಳಲ್ಲಿ ಮಾನಸಿಕ ಆರೋಗ್ಯದ ಕ್ಲೈಮನ್ನ ಇನ್ನೊಂದು ಕಂಪನಿ ನೋಡ್ಕೊಳ್ಳುತ್ತೆ, ತಪ್ಪು ವಿಳಾಸಕ್ಕೆ ಕಳಿಸಿದ ಕ್ಲೈಮ್ ಎಲ್ಲೋ ಬಿದ್ದಿರುತ್ತೆ.

ಫೋನ್ ಮಾಡೋಕ್ ಮುಂಚೆ ಸೈಕಾಲಜಿಸ್ಟ್ ಹತ್ರ ಯಾವ್ಯಾವ ಸಿಪಿಟಿ ಕೋಡು (ಕೊಟ್ಟ ಸೇವೆಯನ್ನ ಬಿಲ್ಲಲ್ಲಿ ಗುರುತಿಸೋ ನಂಬರ್), ಎಷ್ಟೆಷ್ಟು ಯೂನಿಟ್ಟು ಅಂತ ಬರೆಸ್ಕೊಳ್ಳಿ. ಹೆದರ್ಬೇಡಿ, ಇರೋದೇ ನಾಲ್ಕಾರು. ಮೊದಲ ಮಾತುಕತೆಗೆ 90791. ಮಗುವನ್ನ ಕೂರಿಸಿ ಟೆಸ್ಟ್ ಕೊಟ್ಟು ಅಂಕ ಹಾಕೋದಕ್ಕೆ 96136, ಇದು ಮೊದಲ ಅರ್ಧ ಗಂಟೆ, ಆಮೇಲಿನ ಪ್ರತಿ ಅರ್ಧ ಗಂಟೆಗೆ 96137. ಫಲಿತಾಂಶ ಜೋಡಿಸಿ ಅರ್ಥ ಮಾಡಿ ವರದಿ ಬರೆದು ನಿಮ್ಮನ್ನ ಕೂರಿಸಿ ವಿವರಿಸೋದಕ್ಕೆ 96130, ಇದು ಮೊದಲ ಒಂದು ಗಂಟೆ, ಆಮೇಲಿನ ಪ್ರತಿ ಗಂಟೆಗೆ 96131. ನ್ಯೂರೋಸೈಕಾಲಜಿ (ಮೆದುಳು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋ ಟೆಸ್ಟಿಂಗ್) ಆದ್ರೆ ಈ ಕೊನೆಯ ಎರಡರ ಜಾಗಕ್ಕೆ 96132, 96133. ಒಂದು ಅರ್ಧ ಗಂಟೆ ಲೆಕ್ಕ, ಇನ್ನೊಂದು ಪೂರ್ತಿ ಗಂಟೆ ಲೆಕ್ಕ ಅನ್ನೋದು ನೆನಪಿರಲಿ, ಐದು ಗಂಟೆ ಟೆಸ್ಟಿಂಗ್ ಅಂದ್ರೆ 96136 ಒಂದು, 96137 ಒಂಬತ್ತು. ಇಲ್ಲಿ ಯೂನಿಟ್ ತಪ್ಪಿದ್ರೆ ಅರ್ಧ ದುಡ್ಡು ಹೋಯ್ತು ಅಂತಲೇ.

ಫೋನಲ್ಲಿ ಕೇಳ್ಬೇಕಾದ್ದು ಇಷ್ಟು: ಔಟ್ ಆಫ್ ನೆಟ್‌ವರ್ಕ್ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋಕ್ ಮುಂಚೆ ವರ್ಷಕ್ಕೆ ನಾವೇ ಕಟ್ಬೇಕಾದ ಮೊತ್ತ) ಎಷ್ಟು, ಈ ವರ್ಷ ಎಷ್ಟು ತುಂಬಿದೆ, ಅದಾದ್ಮೇಲೆ ನೀವು ಶೇಕಡಾ ಎಷ್ಟು ಕೊಡ್ತೀರಿ, ಈ ಕೋಡ್‌ಗಳಿಗೆ ಪ್ರಯರ್ ಆಥರೈಸೇಶನ್ (ಮುಂಚಿತ ಒಪ್ಪಿಗೆ) ಬೇಕಾ, ಯೂನಿಟ್‌ಗೆ ಮಿತಿ ಇದೆಯಾ, ಕ್ಲೈಮ್ ಹಾಕೋಕೆ ಕೊನೇ ದಿನ ಯಾವುದು. ಎಲ್ಲಕ್ಕಿಂತ ಮುಖ್ಯ, ಈ ಪಿನ್‌ಕೋಡ್‌ನಲ್ಲಿ ಈ ಕೋಡ್‌ಗೆ ನಿಮ್ಮ ಅಲೌಡ್ ಅಮೌಂಟ್, ಅಂದ್ರೆ ನೀವು ಲೆಕ್ಕಕ್ಕೆ ತಗೊಳ್ಳೋ ಗರಿಷ್ಠ ದರ, ಎಷ್ಟು. ಇದನ್ನ ಕೇಳಿದ ತಕ್ಷಣ ಆ ಕಡೆಯವರು ತಡವರಿಸ್ತಾರೆ, ಕ್ಲೈಮ್ ಬಂದ್ಮೇಲೆ ಗೊತ್ತಾಗುತ್ತೆ ಅಂತಾರೆ, ಬಿಡ್ಬೇಡಿ, ಮೆಡಿಕೇರ್ (ಹಿರಿಯರಿಗಿರೋ ಸರ್ಕಾರಿ ಇನ್ಶೂರೆನ್ಸ್) ದರದ ಶೇಕಡಾವಾರಲ್ಲಿ ಲೆಕ್ಕ ಹಾಕ್ತೀರಾ ಇಲ್ಲಾ ಫೇರ್ ಹೆಲ್ತ್ ಡೇಟಾ ಮೇಲಾ ಅಂತ ಕೇಳಿ. ಫೇರ್ ಹೆಲ್ತ್ ಅನ್ನೋದು 2009ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ, ಇನ್ಶೂರೆನ್ಸ್ ಕಂಪನಿಗಳು ಹೊರಗಿನ ಡಾಕ್ಟ್ರ ಫೀಸನ್ನ ಕಮ್ಮಿ ಕಮ್ಮಿ ಲೆಕ್ಕ ಹಾಕ್ತಿದ್ದಾವೆ ಅಂತ ನ್ಯೂಯಾರ್ಕ್ ಅಟಾರ್ನಿ ಜನರಲ್ ತನಿಖೆ ಮಾಡಿದ ಮೇಲೆ ಬಂದಿದ್ದು, ಅವರ ವೆಬ್‌ಸೈಟಲ್ಲಿ ನಿಮ್ಮ ಏರಿಯಾದ ರೇಟನ್ನ ಕೋಡ್ ಹಾಕಿ ಪುಕ್ಕಟೆ ನೋಡ್ಬಹುದು. ಫೋನ್ ಇಡೋಕ್ ಮುಂಚೆ ಮಾತಾಡಿದವರ ಹೆಸರು, ದಿನಾಂಕ, ಕಾಲ್ ರೆಫರೆನ್ಸ್ ನಂಬರ್ ಬರ್ಕೊಳ್ಳಿ. ನಮ್ಮ ಎರಡನೇ ಕ್ಲೈಮ್ ಉಳಿಸಿದ್ದೇ ಆ ನಂಬರ್.

ಲೆಕ್ಕ ಹೇಗೆ ಕೈ ಕೊಡುತ್ತೆ

ನಮ್ಮ ಪಿಪಿಒ ಹೊರಗಿನವರಿಗೆ ಶೇಕಡಾ 60 ಕೊಡುತ್ತೆ, 4,800ರಲ್ಲಿ ಶೇಕಡಾ 60 ಅಂದ್ರೆ 2,880 ಅಂತ ನಾನು ಮನಸಲ್ಲೇ ಮಂಡಿಗೆ ತಿಂದಿದ್ದೆ. ಅವರ ಪ್ರಕಾರ ಈ ಕೆಲಸಕ್ಕೆ ಅಲೌಡ್ ಅಮೌಂಟ್ 2,600. ಅದರಲ್ಲಿ ಡಿಡಕ್ಟಿಬಲ್ 1,500 ಮೊದಲು ಹೋಯ್ತು, ಉಳಿದ 1,100ಕ್ಕೆ ಶೇಕಡಾ 60 ಅಂದ್ರೆ 660. ಮಿಕ್ಕ 4,140 ನಮ್ಮ ತಲೆ ಮೇಲೆ. 4,800ಕ್ಕೂ 2,600ಕ್ಕೂ ಮಧ್ಯ ಇರೋ 2,200 ಡಿಡಕ್ಟಿಬಲ್‌ಗೂ ಸೇರಲ್ಲ, ಯಾವ ಲೆಕ್ಕಕ್ಕೂ ಸೇರಲ್ಲ.

ಇದೇ ಡಿಡಕ್ಟಿಬಲ್ ಮುಂಚೇನೇ ತುಂಬಿದ್ದಿದ್ರೆ 1,560 ಬರ್ತಿತ್ತು. ಹಾಗಾಗಿ ಆ ವರ್ಷ ಮನೇಲಿ ಬೇರೆ ಥೆರಪಿ, ಸ್ಪೀಚ್, ಏನಾದ್ರೂ ನೆಟ್‌ವರ್ಕ್ ಹೊರಗೆ ನಡೆದಿದ್ರೆ ಅದಾದ್ಮೇಲೆ ಅದೇ ವರ್ಷದಲ್ಲಿ ಟೆಸ್ಟಿಂಗ್ ಮುಗಿಸಿ. ನಾವು ಮಾಡಿದ ಇನ್ನೊಂದು ದಡ್ಡತನ, ಡಿಸೆಂಬರ್‌ನಲ್ಲಿ ಮೊದಲ ಭೇಟಿ ಇಟ್ಕೊಂಡು ಟೆಸ್ಟಿಂಗ್ ಜನವರಿಗೆ ಹಾಕಿದ್ದು. ನಮ್ಮ ಪ್ಲಾನ್ ವರ್ಷ ಜನವರಿಗೆ ಶುರು, ಕ್ಲೈಮ್ ನೋಡೋದು ಸೇವೆ ಕೊಟ್ಟ ದಿನಾಂಕ, ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ.

ನೆಟ್‌ವರ್ಕ್‌ನಲ್ಲಿ ಯಾರೂ ಸಿಗ್ಲಿಲ್ಲ ಅಂತಾದ್ರೆ

ಇದು ತುಂಬಾ ಜನಕ್ಕೆ ಗೊತ್ತಿಲ್ಲದ ದಾರಿ, ಮಗಳಿಗೆ ನಾವು ಹಿಡಿದಿದ್ದು ಇದನ್ನೇ. ನೆಟ್‌ವರ್ಕ್‌ನಲ್ಲಿರೋ ಹತ್ತು ಜನಕ್ಕೆ ಫೋನ್ ಮಾಡಿ, ಯಾವ ದಿನ ಮಾಡಿದ್ವಿ, ಏನಂದ್ರು, ಎಷ್ಟು ತಿಂಗಳು ವೇಟಿಂಗ್ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟು, ಇನ್ಶೂರೆನ್ಸ್‌ನವರಿಗೆ ಕಳಿಸಿ ನೆಟ್‌ವರ್ಕ್ ಗ್ಯಾಪ್ ಎಕ್ಸೆಪ್ಷನ್ ಕೇಳ್ಬೇಕು. ನಿಮ್ಮ ಲಿಸ್ಟಲ್ಲಿ ಇರೋರು ಯಾರೂ ಮಗುವನ್ನ ನೋಡ್ತಿಲ್ಲ, ಹಾಗಾಗಿ ಈ ಹೊರಗಿನವರಿಗೇ ಇನ್ ನೆಟ್‌ವರ್ಕ್ ದರದಲ್ಲಿ ಕೊಡಿ ಅಂತ. ಒಪ್ಪಿದ್ರೆ ಕೆಲವು ಸಲ ಸೈಕಾಲಜಿಸ್ಟ್ ಜೊತೆ ಈ ಒಂದು ಕೇಸಿಗಷ್ಟೇ ಅಂತ ಸಿಂಗಲ್ ಕೇಸ್ ಅಗ್ರಿಮೆಂಟ್ ಮಾಡ್ಕೊಳ್ತಾರೆ. ಟೆಸ್ಟಿಂಗ್ ಮುಗಿದ ಮೇಲೆ ಕೇಳಿದ್ರೆ ಸಾಮಾನ್ಯವಾಗಿ ಕೊಡಲ್ಲ, ಮುಂಚೇನೇ ಕೇಳ್ಬೇಕು, ಲಿಖಿತವಾಗಿ ಒಪ್ಪಿಗೆ ಬರೋವರೆಗೂ ಡಿಪಾಸಿಟ್ ಕಟ್ಬೇಡಿ.

ಸೈಕಾಲಜಿಸ್ಟ್ ಹತ್ರ ಸಂಕೋಚ ಬೇಡ

ಡಾಕ್ಟ್ರ ಹತ್ರ ದುಡ್ಡಿನ ಮಾತು ಹೇಗಪ್ಪಾ ಆಡೋದು ಅನ್ನೋ ಸಂಕೋಚ ನಮಗೆ ಊರಿಂದಲೇ ಬಂದಿದ್ದು, ಇಲ್ಲಿ ಅವರೇ ಕೇಳ್ತಾರೆ. ಇನ್ಶೂರೆನ್ಸ್ ಮುಟ್ಟದೆ ಪೂರ್ತಿ ಕೈಯಿಂದಲೇ ಕಟ್ಟೋರಿಗೆ ನೋ ಸರ್‌ಪ್ರೈಸಸ್ ಆಕ್ಟ್ ಅನ್ನೋ ಕಾನೂನು 2022ರ ಜನವರಿಯಿಂದ ಇದೆ, ಗುಡ್ ಫೇತ್ ಎಸ್ಟಿಮೇಟ್ ಅಂತ ಅಂದಾಜು ಪಟ್ಟಿ ಬರೆದು ಕೊಡ್ಲೇಬೇಕು, ಅಂತಿಮ ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಏರಿದ್ರೆ 120 ದಿನದೊಳಗೆ ತಕರಾರು ಹಾಕ್ಬಹುದು. ಕ್ಲೈಮ್ ಹಾಕೋ ಯೋಚನೆ ಇದ್ರೂ ಅಂದಾಜು ಕೇಳಿ ತಗೊಳ್ಳೋದ್ರಲ್ಲಿ ತಪ್ಪಿಲ್ಲ.

ಸೂಪರ್‌ಬಿಲ್ ಮಾದರಿಯನ್ನ ಮೊದಲೇ ನೋಡಿ. ಅದರಲ್ಲಿ ಅವರ ಹತ್ತಂಕಿಯ ಎನ್‌ಪಿಐ ಅನ್ನೋ ಗುರುತಿನ ನಂಬರ್, ಲೈಸೆನ್ಸ್, ಟ್ಯಾಕ್ಸ್ ಐಡಿ, ಪ್ರತಿ ದಿನಾಂಕಕ್ಕೂ ಕೋಡು, ಯೂನಿಟ್ಟು, ಮೊತ್ತ, ಡಯಾಗ್ನೋಸಿಸ್ ಕೋಡು, ನೀವು ಕಟ್ಟಿದ ಹಣ ಇಷ್ಟೂ ಇರ್ಬೇಕು. ನಮಗೆ ಮೊದಲ ಸಲ ಕೊಟ್ಟಿದ್ದು "ಮೌಲ್ಯಮಾಪನ ಪ್ಯಾಕೇಜ್, 4,800" ಅನ್ನೋ ಒಂದೇ ಸಾಲು, ಒಂದೇ ವಾರದಲ್ಲಿ ತಿರಸ್ಕಾರ ಆಯ್ತು. ಡಯಾಗ್ನೋಸಿಸ್ ವಿಷಯದಲ್ಲೂ ಸೂಕ್ಷ್ಮ ಇದೆ, ಎಡಿಹೆಚ್‌ಡಿಯ ಎಫ್90, ಆಟಿಸಂನ ಎಫ್84.0 ಇದ್ದಾಗ ಹೋಗೋ ಕ್ಲೈಮು ಬರೀ ಓದಿನ ತೊಂದರೆಯ ಎಫ್81.0 ಇದ್ದಾಗ ಇದು ಶಿಕ್ಷಣಕ್ಕೆ ಸಂಬಂಧಿಸಿದ್ದು, ನಮ್ಮದಲ್ಲ ಅಂತ ವಾಪಸ್ ಬರೋದುಂಟು. ಹಾಗಂತ ಇಲ್ಲದ ಕಾಯಿಲೆ ಬರೆಸೋಕೆ ಹೋಗ್ಬೇಡಿ, ಅದು ಮೋಸ, ಮಗುವಿನ ದಾಖಲೆಯಲ್ಲಿ ಉಳಿದುಹೋಗುತ್ತೆ ಕೂಡ.

ಕ್ಲೈಮ್ ಮತ್ತೆ ಅಪೀಲು

ಹಾಕೋ ಕೆಲಸ ಸಣ್ಣದು. ಕಂಪನಿ ಪೋರ್ಟಲ್‌ನಲ್ಲಿ ಮೆಂಬರ್ ಕ್ಲೈಮ್ ಅಂತ ಇರುತ್ತೆ, ಸೂಪರ್‌ಬಿಲ್, ಕಟ್ಟಿದ ರಸೀದಿ, ಆಥರೈಸೇಶನ್ ಪತ್ರ ಅಪ್‌ಲೋಡ್ ಮಾಡಿ, ದುಡ್ಡು ಯಾರಿಗೆ ಅಂತ ಕೇಳೋ ಕಡೆ ನಿಮಗೇ ಅಂತ ಗುರುತು ಹಾಕಿ. ಅದನ್ನ ಮರೆತ್ರೆ ಚೆಕ್ ಸೈಕಾಲಜಿಸ್ಟ್ ಮನೆಗೆ ಹೋಗುತ್ತೆ. ಕೆಲವು ವಾರದಲ್ಲಿ ಎಷ್ಟು ಕೊಟ್ರು, ಯಾಕೆ ಅಂತ ಲೆಕ್ಕ ಹೇಳೋ ಇಒಬಿ ಅನ್ನೋ ಹಾಳೆ ಬರುತ್ತೆ, ಇದು ಬಿಲ್ಲಲ್ಲ ಅಂತ ಅದರ ಮೇಲೇ ಬರೆದಿರುತ್ತೆ, ಗಾಬರಿ ಬೇಡ, ಕೊನೆಯಲ್ಲಿರೋ ಕಾರಣದ ಸಾಲು ಓದಿ.

ದುಡ್ಡು ಕೊಡಲ್ಲ ಅಂತ ಬಂದ್ರೆ ಅಲ್ಲಿಗೇ ಕೈ ಚೆಲ್ಲಬೇಡಿ. ಹೆಚ್ಚಿನ ಪ್ಲಾನ್‌ಗಳಲ್ಲಿ ತಿರಸ್ಕಾರದ ಪತ್ರ ಬಂದ ಮೇಲೆ 180 ದಿನದೊಳಗೆ ಅಪೀಲು ಹಾಕ್ಬಹುದು, ಸೇವೆ ಆಗಿಹೋಗಿರೋ ಕ್ಲೈಮ್ ಆದ್ರೆ ಅವರು 60 ದಿನದಲ್ಲಿ ಉತ್ತರ ಕೊಡ್ಬೇಕು. ಯಾವ ನಿಯಮ ನೋಡಿ ಇಲ್ಲ ಅಂದ್ರಿ, ಆ ನಿಯಮದ ಪ್ರತಿ ಕೊಡಿ ಅಂತ ಮೊದಲು ಕೇಳಿ, ಪುಕ್ಕಟೆ ಕೊಡ್ಬೇಕು. ಆಮೇಲೆ ಮಕ್ಕಳ ಡಾಕ್ಟ್ರ ಹತ್ರ ಈ ಟೆಸ್ಟಿಂಗ್ ಯಾಕೆ ವೈದ್ಯಕೀಯವಾಗಿ ಅಗತ್ಯ ಇತ್ತು ಅಂತ ಒಂದು ಪುಟದ ಪತ್ರ ಬರೆಸಿ ಲಗತ್ತಿಸಿ. 2008ರ ಮೆಂಟಲ್ ಹೆಲ್ತ್ ಪ್ಯಾರಿಟಿ ಕಾನೂನಿನ ಹೆಸರು ಎತ್ತಿ, ಮೈಯ ಕಾಯಿಲೆಗೆ ಇಲ್ಲದ ಬಿಗಿ ನಿಯಮಾನ ಮನಸ್ಸಿನ ಕಾಯಿಲೆಗೆ ಹಾಕೋ ಹಾಗಿಲ್ಲ ಅನ್ನೋದು ಅದರ ತಿರುಳು. ಅಲ್ಲೂ ಆಗ್ಲಿಲ್ಲ ಅಂದ್ರೆ, ವೈದ್ಯಕೀಯ ಅಗತ್ಯದ ಜಗಳ ಆಗಿದ್ರೆ, ನಾಲ್ಕು ತಿಂಗಳೊಳಗೆ ಎಕ್ಸ್‌ಟರ್ನಲ್ ರಿವ್ಯೂ ಕೇಳಿ, ಕಂಪನಿಗೆ ಸೇರದ ಹೊರಗಿನವರು ನೋಡ್ತಾರೆ, ಅವರು ಹೇಳಿದ್ದನ್ನ ಕಂಪನಿ ಕೇಳ್ಲೇಬೇಕು.

ರಜಕ್ಕೆ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನಲ್ಲೇ ತೋರಿಸ್ಕೊಂಡು ಬಂದ್ರೆ ಆಗಲ್ವಾ ಅಂತ ಕೇಳೋರಿದ್ದಾರೆ. ತೋರಿಸ್ಬಹುದು, ಮನೇಲಿ ಕನ್ನಡಾನೇ ಮಾತಾಡೋ ಮಗುವಾದ್ರೆ ಅದರ ಭಾಷೆ ಅರ್ಥ ಆಗೋರು ನೋಡೋದು ದೊಡ್ಡ ಲಾಭಾನೇ. ಇಲ್ಲಿನ ಶಾಲೆ ಆ ವರದಿಯನ್ನ ಪರಿಗಣಿಸ್ಬೇಕು, ಒಪ್ಪಲೇಬೇಕು ಅಂತಿಲ್ಲ. ರಿಪೋರ್ಟ್ ಇಂಗ್ಲಿಷಲ್ಲಿ, ಟೆಸ್ಟಿನ ಹೆಸರು ಅಂಕಗಳ ಸಮೇತ ಬರೆಸ್ಕೊಂಡು ಬನ್ನಿ.

ಕೊನೇದು ಹೆಚ್‌ಎಸ್‌ಎ, ಚಿಕಿತ್ಸೆ ಖರ್ಚಿಗೆ ಅಂತ ಟ್ಯಾಕ್ಸ್ ಇಲ್ಲದೆ ದುಡ್ಡು ಎತ್ತಿಡೋ ಖಾತೆ. ಪೂರ್ತಿ 4,800ನ್ನ ಹೆಚ್‌ಎಸ್‌ಎ ಕಾರ್ಡಲ್ಲೇ ಕಟ್ಟಿ ಆಮೇಲೆ ಇನ್ಶೂರೆನ್ಸ್ ದುಡ್ಡೂ ಬಂದ್ರೆ ಅಷ್ಟು ಭಾಗ ವಾಪಸ್ ಹಾಕ್ಬೇಕು, ಇಲ್ಲಾಂದ್ರೆ ಟ್ಯಾಕ್ಸ್ ಜೊತೆ ದಂಡ. ಅದಕ್ಕೇ ಮಾಮೂಲಿ ಕಾರ್ಡಲ್ಲಿ ಕಟ್ಟಿ, ಇಒಬಿ ಬಂದ್ಮೇಲೆ ನಿಮ್ಮ ತಲೆಗೆ ಉಳಿದದ್ದನ್ನಷ್ಟೇ ಹೆಚ್‌ಎಸ್‌ಎಯಿಂದ ತೆಗೀರಿ, ಅದಕ್ಕೆ ಗಡುವಿಲ್ಲ. ಎಫ್‌ಎಸ್‌ಎ (ಆಫೀಸಿನ ಮೂಲಕ ಇರೋ ಅಂಥದ್ದೇ ಖಾತೆ) ಆದ್ರೆ ಗಡುವಿದೆ. ಮತ್ತೆ ಚೆಕ್ ಬರೋದು ಜಾಹೀರಾತಿನ ಲಕೋಟೆ ಥರದ್ದರಲ್ಲಿ, ಮಗುವಿನ ಹೆಸರಿಗಲ್ಲ, ಪಾಲಿಸಿ ಯಾರದ್ದೋ ಅವರ ಹೆಸರಿಗೆ. ನಮ್ಮ 660 ಡಾಲರ್ ಪಿಜ್ಜಾ ಕೂಪನ್ ಜೊತೆ ಕಸದ ಬುಟ್ಟಿ ಸೇರಿತ್ತು, ನನ್ನ ಹೆಂಡತಿ ನೋಡಿ ಎತ್ತಿಟ್ಟಳು.