ನೋಯೆಲ್ ಕವರ್ಡ್‌ಗೆ ಕನ್ನಡದಲ್ಲಿ ನಗು ಸಿಕ್ಕ ಬಗೆ

ಇಂಗ್ಲಿಷ್ ನಾಟಕಕಾರ, ನಟ, ಗಾಯಕ ನೋಯೆಲ್ ಕವರ್ಡ್‌ನ ಬದುಕನ್ನು ಒಂದೂಕಾಲು ಗಂಟೆಯ ಏಕವ್ಯಕ್ತಿ ಪ್ರಯೋಗವಾಗಿ ಕನ್ನಡದಲ್ಲಿ ಮಾಡುತ್ತೇನೆಂದಾಗ ನಮ್ಮ ತಂಡದ ಹಿರಿಯರೊಬ್ಬರು, 'ಕೈಲಾಸಂ ಇದ್ದ ಊರಿನಲ್ಲಿ ಇವನಿಗೇನಯ್ಯಾ ಕೆಲಸ?' ಎಂದು ಕೇಳಿದ್ದರು. ಒಂಬತ್ತನೆಯ ಪ್ರದರ್ಶನ ಮುಗಿದ ರಾತ್ರಿ ಅವರೇ ಮುಂದಿನದಕ್ಕೆ ಎರಡು ಟಿಕೆಟ್ ಕೇಳಿದರು; ಅದಕ್ಕೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ಮೊದಲ ಆಸೆ ಆತನ 'ಬ್ಲೈಥ್ ಸ್ಪಿರಿಟ್' ನಾಟಕವನ್ನು ಕನ್ನಡಕ್ಕೆ ತರುವುದಾಗಿತ್ತು. 1941ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬಿದ್ದ ಗಾಯಗಳು ಇನ್ನೂ ಹಸಿಯಾಗಿದ್ದಾಗ, ಸತ್ತ ಹೆಂಡತಿಯ ದೆವ್ವವನ್ನಿಟ್ಟು ಜನರನ್ನು ನಗಿಸಿ, 1,997 ಪ್ರದರ್ಶನ ಕಂಡ ನಾಟಕ ಅದು. ಆದರೆ ಕವರ್ಡ್ ತೀರಿಕೊಂಡದ್ದು 1973ರಲ್ಲಿ. ನಮ್ಮ ಕಾನೂನಿನಂತೆ ಅರುವತ್ತು ವರ್ಷ, ಅಂದರೆ 2033ರ ಕೊನೆಯವರೆಗೆ ಆತನ ಕೃತಿಗಳಿಗೆ ಹಕ್ಕುಸ್ವಾಮ್ಯವಿದೆ. ಅನುವಾದದ ಒಪ್ಪಿಗೆ, ಪ್ರದರ್ಶನದ ಶುಲ್ಕ ಎಲ್ಲವನ್ನೂ ಲೆಕ್ಕ ಹಾಕಿದಾಗ ಹವ್ಯಾಸಿ ತಂಡದ ಕೈಗೆ ಎಟುಕುವಂತೆ ಕಾಣಲಿಲ್ಲ. ಬದುಕಿನ ಸಂಗತಿಗಳಿಗೆ ಯಾರೂ ಶುಲ್ಕ ಕೇಳುವುದಿಲ್ಲವಲ್ಲ ಎಂದು ಆ ಕಡೆಗೆ ತಿರುಗಿದೆ. ಹೀಗಾಗಿ ಆತನ ಒಂದು ಸಂಭಾಷಣೆಯನ್ನೂ ಬಳಸದೆ ಆತನ ಚಾಟೂಕ್ತಿಯನ್ನು ತೋರಿಸಬೇಕಾದ ಸಂಕಟ ಎದುರಾಯಿತು.

ಮೊದಲ ರಂಗಪಠ್ಯ, ಕವರ್ಡ್ 1899ರಲ್ಲಿ ಲಂಡನ್ ಬಳಿಯ ಟೆಡಿಂಗ್ಟನ್ನಿನಲ್ಲಿ ಹುಟ್ಟಿದಲ್ಲಿಂದ ಶುರುವಾಗಿ, 1911ರ ಬಾಲನಟನ ಪಾತ್ರವನ್ನು ಹಾದು, ಎರಡು ಗಂಟೆ ಕಾಲ ಶಾಲೆಯ ಪಾಠದಂತೆ ಸಾಗಿತು. ಹದಿನೆಂಟು ಮಂದಿ ಬಂದಿದ್ದರು; ಮಧ್ಯಂತರದ ನಂತರ ಹನ್ನೊಂದು ಮಂದಿ ಉಳಿದರು. ಎರಡನೆಯ ಸಲ ಕೈಲಾಸಂ ಧಾಟಿಯ ಮಿಶ್ರಭಾಷೆಯಲ್ಲಿ ಮಾತಾಡಿಸಿ ನೋಡಿದೆ. ಜನ ನಕ್ಕರು, ಆದರೆ ಹೊರಗೆ ಬಂದು ಕೈಲಾಸಂ ಬಗ್ಗೆಯೇ ಮಾತಾಡಿದರು. ರಂಗಮಂದಿರದ ಬಾಡಿಗೆ, ಬೆಳಕು, ಪ್ರಚಾರ ಸೇರಿ ಈ ಎರಡರಲ್ಲಿ ಕಳೆದುಕೊಂಡದ್ದು ಹೆಚ್ಚುಕಡಿಮೆ ಇಪ್ಪತ್ತೆರಡು ಸಾವಿರ.

ದಾರಿ ಸಿಕ್ಕಿದ್ದು ವ್ಯಾಕರಣದಲ್ಲಿ ಎಂದರೆ ನೀವು ನಗಬಹುದು. ತಾಯಿಗೆ ಕಿವಿ ಮಂದವಾಗಿದ್ದುದರಿಂದ ಕವರ್ಡ್ ಪ್ರತಿ ಪದವನ್ನೂ ಕತ್ತರಿಸಿದಂತೆ ಆಡುವುದನ್ನು ರೂಢಿಸಿಕೊಂಡನೆಂದು ಹೇಳುತ್ತಾರೆ. ಆ ಕತ್ತರಿಯನ್ನು ನಾನು ಅನುಕರಿಸಿದಾಗಲೆಲ್ಲ ಕನ್ನಡದ ವಾಕ್ಯ ಕೊನೆಯ ಕ್ರಿಯಾಪದದಲ್ಲಿ ಜೋಲು ಬೀಳುತ್ತಿತ್ತು. ಕಚ್ಚಬೇಕಾದ ಪದ ಮೊದಲೇ ಬಂದು, ಅದರ ಬಾಲವಾಗಿ 'ನಡೆಯುತ್ತಿತ್ತು' ಎಂಬುದು ಉಳಿಯುತ್ತಿತ್ತು. 'ಅಪ್ಪ ಪಿಯಾನೊ ಮಾರುತ್ತಿದ್ದರು, ಆದರೆ ಮನೆ ಅಮ್ಮ ಇಟ್ಟುಕೊಂಡ ಬಾಡಿಗೆದಾರರಿಂದ ನಡೆಯುತ್ತಿತ್ತು' ಎಂದಾಗ ಯಾರೂ ನಗಲಿಲ್ಲ. 'ಅಪ್ಪ ಮಾರುತ್ತಿದ್ದದ್ದು ಪಿಯಾನೊ. ಮನೆ ನಡೆಸುತ್ತಿದ್ದದ್ದು ಅಮ್ಮನ ಬಾಡಿಗೆದಾರರು' ಎಂದು ತಿರುಗಿಸಿ, ಮುಖದಲ್ಲಿ ನಗು ತೋರದೆ, ಮುಂದಿನ ವಾಕ್ಯಕ್ಕೆ ಅವಸರದಲ್ಲಿ ಹೋದಾಗ ಸಭೆ ಒಂದು ಕ್ಷಣ ತಡವಾಗಿ ನಕ್ಕಿತು. ಇಡೀ ಪಠ್ಯವನ್ನು ಸುಮಾರು ಆರು ವಾರ ಕೂತು ಹೀಗೆ ತಿದ್ದಿದೆ. ಎಲ್ಲ ವಾಕ್ಯಗಳಿಗೂ ಇದೇ ಮದ್ದಲ್ಲ. ಉಳಿದವಕ್ಕೆ ಮಾಡಿದ್ದನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಎರಡನೆಯ ಬದಲಾವಣೆ, ಸೋಲಿನಿಂದ ಆರಂಭಿಸಿದ್ದು. 1924ರಲ್ಲಿ ಹ್ಯಾಂಪ್‌ಸ್ಟೆಡ್‌ನ ಪುಟ್ಟ ಎವೆರಿಮ್ಯಾನ್ ರಂಗಮಂದಿರದಲ್ಲಿ ತನ್ನದೇ 'ದಿ ವೋರ್ಟೆಕ್ಸ್' ನಾಟಕದಲ್ಲಿ ಮಾದಕ ವ್ಯಸನಿ ಮಗನ ಪಾತ್ರವನ್ನು ತಾನೇ ಆಡಿ, ಮರುವರ್ಷ ಲಂಡನ್ನಿನಲ್ಲಿ ಒಂದೇ ಕಾಲಕ್ಕೆ ನಾಲ್ಕು ಬೇರೆ ಬೇರೆ ಪ್ರಯೋಗಗಳನ್ನು ನಡೆಸಿದವನಿಗೆ 1927ರಲ್ಲಿ 'ಸಿರೊಕೊ' ನಾಟಕದ ರಾತ್ರಿ ಕೂಗಾಟ ಎದುರಾಯಿತು. ಹಿಂಬಾಗಿಲಿನಿಂದ ಹೊರಬಂದಾಗ ಜನ ಉಗುಳಿದರು. ನನ್ನ ಪ್ರಯೋಗ ಶುರುವಾಗುವುದು ಆ ಬಾಗಿಲಿನಿಂದ. ಬಳಿಕ ಷಾಂಘೈ: ಇನ್‌ಫ್ಲುಯೆಂಜಾ ಹಿಡಿದು ಹಾಸಿಗೆಯಲ್ಲಿದ್ದಾಗ ಸುಮಾರು ನಾಲ್ಕು ದಿನಗಳಲ್ಲಿ ಬರೆದ 'ಪ್ರೈವೇಟ್ ಲೈವ್ಸ್', 1930ರಲ್ಲಿ ನಟಿ ಗರ್ಟ್ರೂಡ್ ಲಾರೆನ್ಸ್ ಜೊತೆ ತಾನೇ ಆಡಿ ಗೆದ್ದದ್ದು. ಕಂಬಳಿ ಹೊದ್ದು ಬರೆಯುವ ಆ ಹನ್ನೆರಡು ನಿಮಿಷಗಳಷ್ಟು ಚಪ್ಪಾಳೆ ಬೇರೆಲ್ಲೂ ಬೀಳುವುದಿಲ್ಲ. ಯುದ್ಧದ ನಂತರ ಹಳಬನೆನಿಸಿಕೊಂಡದ್ದು, 1955ರಲ್ಲಿ ಲಾಸ್ ವೇಗಸ್‌ನಲ್ಲಿ ಹಾಡಿ ಮತ್ತೆ ಎದ್ದದ್ದು, 1964ರಲ್ಲಿ ನ್ಯಾಷನಲ್ ಥಿಯೇಟರ್ ಆತನ ಕೈಯಿಂದಲೇ ಆತನ 'ಹೇ ಫೀವರ್' ನಾಟಕದ ನಿರ್ದೇಶನ ಮಾಡಿಸಿದ್ದು, 1970ರಲ್ಲಿ 'ಸರ್' ಆದದ್ದು ಎಲ್ಲವೂ ಬೇಗ ಬೇಗ ಬಂದುಹೋಗುತ್ತವೆ.

ಸಂಗೀತದ ವಿಷಯದಲ್ಲಿ ಬಹಳ ದಿನ ಅಲೆದೆ. ಕವರ್ಡ್ ಕಿವಿಯಿಂದಲೇ ರಾಗ ಕಟ್ಟುತ್ತಿದ್ದ, ಸ್ವರಲಿಪಿಗೆ ಇಳಿಸುವುದಕ್ಕೆ ಎಲ್ಸಿ ಏಪ್ರಿಲ್‌ನಂಥವರ ನೆರವು ಬೇಕಿತ್ತು. ಹಾಡುಗಳಿಗೂ ಹಕ್ಕಿನ ತೊಡಕಿರುವುದರಿಂದ ಹಾರ್ಮೋನಿಯಂ ಇಟ್ಟು ಸ್ವಂತ ರಾಗ ನುಡಿಸಿದೆ, ಭಜನೆಗೆ ಕೂತಂತಾಯಿತು. ಈಗ ಮೇಜಿನ ಮೇಲೆ ಬೆರಳಾಡಿಸುತ್ತೇನೆ, ಸದ್ದಿಲ್ಲದೆ.

ಇಂಗ್ಲೆಂಡಿನಲ್ಲಿ 1967ರವರೆಗೆ ಸಲಿಂಗ ಪ್ರೇಮ ಅಪರಾಧವಾಗಿತ್ತು, ಕವರ್ಡ್ ಕೊನೆಯವರೆಗೂ ತನ್ನ ಪ್ರೇಮದ ಬಗ್ಗೆ ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಅಲ್ಲಿ ನಾನು ಮಾತು ನಿಲ್ಲಿಸಿ ರೇಷ್ಮೆಯ ನಿಲುವಂಗಿಯನ್ನು ಮಡಚುತ್ತೇನೆ. ಬೆಳಕು ಎಲ್ಲಿಂದ ಬರುತ್ತದೆಂಬುದನ್ನು ಇಲ್ಲಿ ಹೇಳುವುದಿಲ್ಲ, ನೋಡಲು ಬನ್ನಿ.

ಆ ನಿಲುವಂಗಿ ನಮ್ಮ ತಾಯಿಯ ಹಳೆಯ ಮೈಸೂರು ರೇಷ್ಮೆ ಸೀರೆಯದು, ಹೊಲಿಗೆಗೆ ಎರಡೂವರೆ ಸಾವಿರ ಹಿಡಿಯಿತು. ಮೂರನೆಯ ಪ್ರದರ್ಶನದಿಂದ ದೊಡ್ಡ ರಂಗಮಂದಿರ ಬಿಟ್ಟು ಅರುವತ್ತು, ಎಪ್ಪತ್ತು ಜನ ಹಿಡಿಯುವ ಕೋಣೆಗಳಿಗೆ ಹೋದೆ, ಟಿಕೆಟ್ 150 ರೂಪಾಯಿ. ಹಳೆಯ ನಷ್ಟವೆಲ್ಲ ತೀರಿ ಏಳು ಸಾವಿರದಷ್ಟು ಉಳಿದಿದೆ. ಅದರಲ್ಲಿ ಮೊದಲು ನಿಲುವಂಗಿಯ ತೋಳನ್ನು ಹೊಲಿಸಿದೆ. ಐದನೆಯ ಪ್ರದರ್ಶನದಿಂದಲೂ ಅದು ಹರಿದೇ ಇತ್ತು, ಗಮನಿಸಿದವರು ಆ ಹಿರಿಯರೊಬ್ಬರೇ.